ಹಿರಿಯರ ಜೊತೆ ಕಾಸರಗೋಡು: ಎರಡು ರಾತ್ರಿ, ಮೂರು ದಿನದ ನಿಧಾನ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಕಾಸರಗೋಡಿಗೆ ಬರುವವರ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಬೆಳಿಗ್ಗೆ ಮಧೂರು, ಹತ್ತು ಗಂಟೆಗೆ ಅನಂತಪುರ, ಮಧ್ಯಾಹ್ನ ಬೇಕಲ ಕೋಟೆ, ಸಂಜೆ ಕಾಞಂಗಾಡು, ರಾತ್ರಿ ಊಟಕ್ಕೆ ಮಂಗಳೂರು. ನಲವತ್ತರವರಿಗೆ ಇದು ನಡೆಯುತ್ತದೆ. ಎಪ್ಪತ್ತೈದು ದಾಟಿದವರಿಗೆ ಇದು ಶಿಕ್ಷೆ. ಎರಡನೇ ಜಾಗಕ್ಕೆ ಬರುವಷ್ಟರಲ್ಲೇ "ನೀವು ಹೋಗಿ ಬನ್ನಿ, ನಾನು ಕಾರಿನಲ್ಲೇ ಕೂತಿರ್ತೇನೆ" ಅನ್ನುವ ಮಾತು ಶುರುವಾಗುತ್ತದೆ.

ಇಲ್ಲಿ ಹೇಳುವುದು ಬೇರೆ ಥರದ ಪ್ರವಾಸ. ದಿನಕ್ಕೆ ಎರಡೇ ಜಾಗ. ಬೆಳಿಗ್ಗೆ ಒಂದು, ಸಂಜೆ ಒಂದು. ಹನ್ನೊಂದೂವರೆಯಿಂದ ನಾಲ್ಕರ ತನಕ ರೂಮಿನಲ್ಲಿ ಊಟ, ನಿದ್ದೆ. ಇದು ಇಲ್ಲಿಗೆ ಹೊಂದುವ ಲೆಕ್ಕವೂ ಹೌದು. ಇಲ್ಲಿನ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಕೋಟೆಯಲ್ಲಿ ಆ ಹೊತ್ತಿಗೆ ನೆರಳಿಲ್ಲ. ಕರಾವಳಿಯ ಸೆಕೆ ಘಟ್ಟದ ಮೇಲಿನವರನ್ನು ಬೇಗ ಸುಸ್ತು ಮಾಡುತ್ತದೆ.

ಬೆಂಗಳೂರು, ಮೈಸೂರು, ಮುಂಬಯಿಯಲ್ಲಿ ಮಕ್ಕಳ ಮನೆಯಲ್ಲಿರುವ ಎಷ್ಟೋ ಹಿರಿಯರ ಮೂಲ ಈ ಕಡೆಯದು. ಅವರನ್ನು ಕರೆತರುವವರಿಗೆ ಇದು ಹೆಚ್ಚು ಉಪಯೋಗ. ಕಾಸರಗೋಡನ್ನು ಮೊದಲ ಸಲ ನೋಡುವವರಿಗೂ ಆಗುತ್ತದೆ.

ಮೊದಲು ಅವರನ್ನೇ ಕೇಳಿ

ಟಿಕೆಟ್ ಬುಕ್ ಮಾಡುವ ಮೊದಲು ಒಂದು ಪ್ರಶ್ನೆ: "ಒಂದೇ ಜಾಗ ನೋಡಲು ಆಗುವುದಾದರೆ ಎಲ್ಲಿಗೆ?" ಉತ್ತರ ಬೇಕಲ ಕೋಟೆ ಆಗಿರುವುದು ಕಡಿಮೆ. ಓದಿದ ಶಾಲೆ, ಮಾರಿಹೋದ ಮನೆಯ ಅಂಗಳ, ಬದಿಯಡ್ಕದ ಹತ್ತಿರ ಇರುವ ಹಳೆಯ ಸಹಪಾಠಿ, ಹೀಗೆ ಏನೋ ಒಂದು ಬರುತ್ತದೆ. ಆ ಜಾಗವನ್ನು ಎರಡನೇ ದಿನದ ಬೆಳಿಗ್ಗೆಗೆ ಇಡಿ. ಮೊದಲ ದಿನ ಪ್ರಯಾಣದ ಆಯಾಸ ಇರುತ್ತದೆ, ಮೂರನೇ ದಿನ ಹೊರಡುವ ಗಡಿಬಿಡಿ. ಉಳಿದದ್ದೆಲ್ಲ ಇದರ ಸುತ್ತ ಕೂರಲಿ.

ಆಮೇಲೆ ನಡಿಗೆಯ ಅಂದಾಜು. "ನಡೀತೀಯಾ ಅಮ್ಮ?" ಎಂದು ಕೇಳಬೇಡಿ. "ನಡೀತೇನೆ" ಎಂದೇ ಹೇಳುತ್ತಾರೆ. ಒಂದು ವಾರ ಸುಮ್ನೆ ಗಮನಿಸಿ. ಎಷ್ಟು ನಿಮಿಷ ನಡೆದ ಮೇಲೆ ಕೂರಲು ಜಾಗ ಹುಡುಕುತ್ತಾರೆ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರಾ? ಮೊಣಕಾಲು ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಹಾಗಾಗಿ ಇಳಿಯುವ ಮೆಟ್ಟಿಲನ್ನೇ ಲೆಕ್ಕಕ್ಕೆ ಹಿಡಿಯಿರಿ. ಮೂತ್ರಕ್ಕೆ ಎಷ್ಟು ಹೊತ್ತಿಗೊಮ್ಮೆ ಹೋಗುತ್ತಾರೆ ಎಂಬುದೂ ಗೊತ್ತಿರಲಿ. ಹೊರಗೆ ಶೌಚಾಲಯ ಸಿಗುವುದಿಲ್ಲ ಎಂಬ ಹೆದರಿಕೆಗೆ ಎಷ್ಟೋ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ತಲೆಸುತ್ತು ಬರುವುದು ಅಲ್ಲಿಂದಲೇ. ಬಿಪಿಗೆ ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ) ತೆಗೆದುಕೊಳ್ಳುವವರಿದ್ದರೆ ಪ್ರಯಾಣದ ದಿನ ಯಾವ ಹೊತ್ತಿಗೆ ನುಂಗಬೇಕು ಎಂದು ಡಾಕ್ಟರ ಬಳಿ ಕೇಳಿಕೊಳ್ಳಿ. ನೀವೇ ನಿಲ್ಲಿಸಬೇಡಿ.

ಯಾವಾಗ ಬರಬೇಕು

ಡಿಸೆಂಬರ್‌ನಿಂದ ಫೆಬ್ರವರಿ. ಬೆಳಗಿನ ಹೊತ್ತು ತಂಪು, ಮಳೆಯ ಕಾಟ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ಇದು, ಅದರ ದೊಡ್ಡ ಪಾಲು ಆ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮುರಕಲ್ಲಿನ ಮೆಟ್ಟಿಲ ಮೇಲೆ ಪಾಚಿ ಹಿಡಿದರೆ ಗಟ್ಟಿ ಕಾಲಿನವರೂ ಜಾರುತ್ತಾರೆ. ಏಪ್ರಿಲ್, ಮೇ ಸೆಕೆಯ ತಿಂಗಳು.

ವಾರದ ನಡುವೆ ಬನ್ನಿ. ಭಾನುವಾರ ಬೇಕಲದಲ್ಲಿ ಕೂರಲು ಜಾಗ ಸಿಗುವುದಿಲ್ಲ. ಸಂಕಷ್ಟಿ, ಚೌತಿಯ ದಿನ ಮಧೂರಿನಲ್ಲಿ ಸಾಲು ಉದ್ದ. ಇನ್ನೊಂದು ವಿಷಯ ಘಟ್ಟದ ಮೇಲಿನವರಿಗೆ ಹೊಳೆಯುವುದಿಲ್ಲ: ಇದು ಕೇರಳ, ಇಲ್ಲಿ ಹರತಾಳ ಅಂದರೆ ನಿಜವಾಗಿಯೂ ಹರತಾಳ. ಅಂಗಡಿ, ಬಸ್ಸು, ಆಟೋ ಎಲ್ಲ ಬಂದ್ ಆಗಬಹುದು. ಹೊರಡುವ ಹಿಂದಿನ ದಿನ ಇಲ್ಲಿಯ ಪತ್ರಿಕೆ ಒಮ್ಮೆ ನೋಡಿ, ಇಲ್ಲವೇ ಲಾಡ್ಜಿಗೆ ಫೋನ್ ಮಾಡಿ ಕೇಳಿ.

ಬರುವ ದಾರಿ

ನನ್ನ ಮತ ರೈಲಿಗೆ. ಶಿರಾಡಿಯಾಗಲಿ ಸಂಪಾಜೆಯಾಗಲಿ, ಘಟ್ಟದ ತಿರುವುಗಳಲ್ಲಿ ಹಿರಿಯರಿಗೆ ವಾಂತಿ, ಸೊಂಟನೋವು ಗ್ಯಾರಂಟಿ. ರೈಲಿನಲ್ಲಾದರೆ ಮಲಗಬಹುದು, ಎದ್ದು ನಾಲ್ಕು ಹೆಜ್ಜೆ ಹಾಕಬಹುದು, ಶೌಚಾಲಯ ಹತ್ತಿರವೇ ಇರುತ್ತದೆ. ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಮಂಗಳೂರು ದಾರಿಯಾಗಿ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ. ಮುಂಬಯಿಯಿಂದ ಕೊಂಕಣ ದಾರಿಯ ನೇತ್ರಾವತಿ ಎಕ್ಸ್‌ಪ್ರೆಸ್ ಇದೆ. ವಿಮಾನದಲ್ಲಿ ಬರುವವರಿಗೆ ಮಂಗಳೂರು ಹತ್ತಿರ. ವೀಲ್‌ಚೇರ್ ಬೇಕೆಂದು ವಿಮಾನದ ಟಿಕೆಟ್ ಮಾಡುವಾಗಲೇ ಬರೆಸಿ. ಮಂಗಳೂರು ಪೇಟೆಯಿಂದ ಕಾಸರಗೋಡು ಸುಮಾರು 50 ಕಿಲೋಮೀಟರ್.

ಟಿಕೆಟ್ ವಿಷಯದಲ್ಲಿ ಒಂದು ಗುಟ್ಟು. ರೈಲ್ವೆಯಲ್ಲಿ ಹಿರಿಯರಿಗಿದ್ದ ದರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೆ ಕೆಳಗಿನ ಬರ್ತ್‌ನ ಕೋಟಾ ಉಳಿದಿದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಇದು ಸಿಗುತ್ತದೆ. ಷರತ್ತು ಏನೆಂದರೆ ಟಿಕೆಟ್‌ನಲ್ಲಿ ಒಬ್ಬರೇ ಇರಬೇಕು, ಹೆಚ್ಚೆಂದರೆ ಇಬ್ಬರು, ಇಬ್ಬರೂ ಆ ವಯಸ್ಸಿನವರೇ ಆಗಿರಬೇಕು. ಮಗ, ಸೊಸೆ, ಮೊಮ್ಮಗಳನ್ನೆಲ್ಲ ಒಂದೇ ಟಿಕೆಟ್‌ನಲ್ಲಿ ಸೇರಿಸಿದರೆ ಈ ಕೋಟಾ ಸಿಗುವುದಿಲ್ಲ. ಅಪ್ಪ ಅಮ್ಮನಿಗೆ ಈ ಕೋಟಾದಲ್ಲಿ ಬೇರೆ ಟಿಕೆಟ್ ಮಾಡಿ, ನಿಮ್ಮದನ್ನು ಮಾಮೂಲಿಯಾಗಿ ಮಾಡಿ. ಬೋಗಿ ಬೇರೆ ಬೇರೆ ಆಗಬಹುದು. ಆದರೂ ಅಜ್ಜಿಯನ್ನು ಮಧ್ಯದ ಬರ್ತ್‌ಗೆ ಹತ್ತಿಸುವುದಕ್ಕಿಂತ ಅದು ಮೇಲು, ಅಲ್ವಾ? ಬುಕಿಂಗ್ ತೆರೆಯುವುದು 60 ದಿನ ಮೊದಲು. ಜನವರಿಯ ಪ್ರಯಾಣವಾದರೆ ನವೆಂಬರಿನಲ್ಲೇ ಕೂತು ಮಾಡಿಬಿಡಿ.

ಕಾಸರಗೋಡಿನಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ. ಮಂಜೇಶ್ವರ, ಕುಂಬಳೆ ದಾಟುತ್ತಿದ್ದಂತೆ ಚಪ್ಪಲಿ ಹಾಕಿಸಿ, ಕುಂಬಳೆಯ ಸೇತುವೆ ಆದ ಮೇಲೆ ಬಾಗಿಲಿನ ಹತ್ತಿರದ ಸೀಟಿಗೆ ಕರೆತನ್ನಿ. ಮೊದಲು ನಿಮ್ಮಲ್ಲಿ ಒಬ್ಬರು ಇಳಿಯಿರಿ, ಆಮೇಲೆ ಹಿರಿಯರು, ಕೊನೆಗೆ ಚೀಲ. ಇಳಿಯುವಾಗ ಮುಖ ಬೋಗಿಯ ಕಡೆಗಿರಲಿ, ಎರಡೂ ಕೈ ಕಂಬಿಯ ಮೇಲಿರಲಿ. ವೀಲ್‌ಚೇರ್ ಬೇಕಿದ್ದರೆ 139ಕ್ಕೆ ಫೋನ್ ಮಾಡಿ ಮೊದಲೇ ತಿಳಿಸಬಹುದು, ಸ್ಟೇಶನ್ ಮಾಸ್ಟರ್ ಬಳಿಯೂ ಕೇಳಬಹುದು.

ರೂಮು: ಫೋನಿನಲ್ಲಿ ಏನು ಕೇಳಬೇಕು

ಪ್ರವಾಸ ಹಾಳಾಗುವುದು ಹೆಚ್ಚಾಗಿ ಬಾತ್‌ರೂಮಿನಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಸಮಯ ಹಾಕಿ.

"ಲಿಫ್ಟ್ ಇದೆಯಾ?" ಎಂದು ಕೇಳಿದರೆ "ಇದೆ" ಅನ್ನುತ್ತಾರೆ. ಬಂದು ನೋಡಿದರೆ ರಸ್ತೆಯಿಂದ ಆರು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಶುರು. ಅದಕ್ಕೇ ಪ್ರಶ್ನೆಯನ್ನು ಹೀಗೆ ಹಾಕಿ: "ಕಾರಿನಿಂದ ಇಳಿದು ಮಂಚದ ತನಕ ಒಟ್ಟು ಎಷ್ಟು ಮೆಟ್ಟಿಲು?" ಕಮೋಡ್ ಇದೆಯಾ? ಅದರ ಪಕ್ಕ ಹಿಡಿದು ಏಳಲು ಗೋಡೆಯಲ್ಲಿ ಏನಾದರೂ ಇದೆಯಾ? ಬಾತ್‌ರೂಮಿನ ಹೊಸ್ತಿಲು ಎಷ್ಟು ಎತ್ತರ? ಬೆಳಿಗ್ಗೆ ಐದಕ್ಕೆ ಬಿಸಿನೀರು ಬರುತ್ತದಾ, ಏಳರ ಮೇಲಾ? ಹಿರಿಯರು ಐದಕ್ಕೇ ಎದ್ದು ಕೂತಿರುತ್ತಾರೆ. ಕರೆಂಟು ಹೋದರೆ ಲಿಫ್ಟಿಗೂ ಜನರೇಟರ್ ಇದೆಯಾ? ಕೊನೆಗೆ, ಬಾಗಿಲಿನಿಂದ ಬಾತ್‌ರೂಮಿನವರೆಗೆ ನಡೆಯುತ್ತಾ ಒಂದು ಸಣ್ಣ ವಿಡಿಯೋ ವಾಟ್ಸಾಪಿನಲ್ಲಿ ಕಳಿಸಲು ಹೇಳಿ. ಕಳಿಸಲು ಮನಸ್ಸಿಲ್ಲದವರ ಲಾಡ್ಜ್ ನಿಮಗೆ ಬೇಡ.

ಇಬ್ಬರಿಗೂ ಕಾಲುನೋವಿದ್ದರೆ ಕೆಳ ಅಂತಸ್ತಿನ ರೂಮೇ ಒಳ್ಳೆಯದು, ಅಲ್ಲಿಂದ ನೋಟ ಏನೂ ಕಾಣದಿದ್ದರೂ ಪರವಾಗಿಲ್ಲ. ಉಳಿಯುವ ಊರು ಒಂದೇ ಇರಲಿ. ಒಂದು ರಾತ್ರಿ ಕಾಸರಗೋಡು, ಒಂದು ರಾತ್ರಿ ಬೇಕಲ ಎಂದು ಹಂಚಿದರೆ ಚೀಲ ಕಟ್ಟುವುದರಲ್ಲೇ ಅರ್ಧ ದಿನ ಹೋಗುತ್ತದೆ. ಬೇಕಲದ ಸುತ್ತ ದೊಡ್ಡ ರೆಸಾರ್ಟ್‌ಗಳಿವೆ. ಆದರೆ ಕೆಲವು ಕಡೆ ರೂಮಿನಿಂದ ಊಟದ ಜಾಗಕ್ಕೇ ದೂರ ನಡೆಯಬೇಕು. ಊರಿನವರ ಸಂಪರ್ಕ ಬೇಕಿದ್ದವರಿಗೆ ಕಾಸರಗೋಡು ಪೇಟೆಯೇ ಲಾಯ್ಕ. ಮಧೂರು ಇಲ್ಲಿಂದ 8 ಕಿಲೋಮೀಟರ್, ಬೇಕಲ 16.

ಮನೆಯಿಂದ ತರಬೇಕಾದ್ದು: ರಬ್ಬರಿನ ಕಾಲೊರಸು ಒಂದು (ಬಾತ್‌ರೂಮಿಗೆ), ರಾತ್ರಿ ಉರಿಸಿಡಲು ಪುಟ್ಟ ದೀಪ, ಅವರದೇ ತಲೆದಿಂಬು, ಬೈರಾಸು (ಟವೆಲ್), ಮಡಚುವ ಸ್ಟೂಲು. ಈ ಸ್ಟೂಲಿನ ಬೆಲೆ ದೇವಸ್ಥಾನದ ಸಾಲಿನಲ್ಲಿ ಗೊತ್ತಾಗುತ್ತದೆ.

ಗಾಡಿ

ಮೂರು ದಿನಕ್ಕೂ ಒಂದೇ ಕಾರು, ಒಬ್ಬರೇ ಡ್ರೈವರ್. ಕನ್ನಡವೋ ತುಳುವೋ ಬರುವವರನ್ನು ಕೇಳಿ ಪಡೆಯಿರಿ, ಖಂಡಿತ ಸಿಗುತ್ತಾರೆ. ಏಳು ಭಾಷೆಯ ಊರು ಎಂದು ಸುಮ್ನೆ ಹೇಳುವುದಲ್ಲ. ಬಸ್ಸಿನ ಬೋರ್ಡು ಹೆಚ್ಚಾಗಿ ಮಲಯಾಳದಲ್ಲಿರುತ್ತದೆ, ಮೆಟ್ಟಿಲು ಎತ್ತರ, ಹತ್ತುವ ಮೊದಲೇ ಬೆಲ್ ಹೊಡೆಯುವವರೂ ಇದ್ದಾರೆ. ಹಾಗಾಗಿ ಹಿರಿಯರ ಜೊತೆ ಬಸ್ಸು ಬೇಡ.

ದೊಡ್ಡ ಎತ್ತರದ ಗಾಡಿ ತರಿಸುವುದು ಮರ್ಯಾದೆ ಎಂದು ಕೆಲವರ ಲೆಕ್ಕ. ಸಣ್ಣ ಮೈಕಟ್ಟಿನ ಅಜ್ಜಿಗೆ ಅದಕ್ಕೆ ಹತ್ತುವುದೇ ಸಾಹಸ. ತೀರಾ ತಗ್ಗಿನ ಕಾರಿನಿಂದ ಏಳಲಾಗುವುದಿಲ್ಲ. ಸೀಟು ಅವರ ತೊಡೆಯ ಎತ್ತರಕ್ಕಿರುವ ಗಾಡಿ ಸರಿ. ಮುಂದಿನ ಸೀಟನ್ನು ಪೂರ್ತಿ ಹಿಂದೆ ತಳ್ಳಿ. ಸೀಟಿನ ಮೇಲೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ. ಹಿರಿಯರು ಸೀಟಿಗೆ ಬೆನ್ನು ಮಾಡಿ ನಿಂತು, ಮೊದಲು ಕೂತುಬಿಡಲಿ. ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿದರೆ ಪ್ಲಾಸ್ಟಿಕ್ ಮೇಲೆ ಸಲೀಸಾಗಿ ಜಾರುತ್ತಾರೆ. ತಲೆ ತಾಗದಂತೆ ನಿಮ್ಮ ಕೈ ಬಾಗಿಲ ಮೇಲಂಚಿನಲ್ಲಿರಲಿ. ಕೂತ ಮೇಲೆ ಚೀಲ ಎಳೆದು ತೆಗೆಯಿರಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗಲೂ ಜಾರುತ್ತಾರೆ.

ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆದ ಮೇಲೆ ಹಳೆಯ ನೆನಪಿನ ರಸ್ತೆ ಉಳಿದಿಲ್ಲ. ಎದುರಿನ ಅಂಗಡಿಗೆ ದಾಟಿ ಹೋಗುವ ಹಾಗಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಿ, ಅಂಡರ್‌ಪಾಸ್ ಹಿಡಿದು ತಿರುಗಿ ಬರಬೇಕು. ಯಾವ ಪಕ್ಕದಲ್ಲಿ ಇಳಿಸಬೇಕು ಎಂದು ಡ್ರೈವರಿಗೆ ಮೊದಲೇ ಹೇಳಿ.

ಎಲ್ಲಿಗೆ, ಹೇಗೆ

ಬಂದ ದಿನ ಸಂಜೆಗೆ ಮಧೂರು. ಮಧುವಾಹಿನಿ ಹೊಳೆಯ ದಂಡೆಯಲ್ಲಿರುವ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನ. ಹೆಸರಿಗೆ ಈಶ್ವರ ಪ್ರಧಾನ, ಜನ ಬರುವುದು ಗಣಪತಿಗೆ. ಆನೆಯ ಬೆನ್ನಿನ ಹಾಗೆ ಗುಂಡಾಗಿ ಬಾಗಿದ ಮೂರು ನೆಲೆಯ ಮಾಡನ್ನು (ಛಾವಣಿಯನ್ನು) ಹೊರಗಿನಿಂದ ನೋಡುತ್ತಾ ಕೂರುವುದೇ ಒಂದು ಸುಖ. ಗಂಡಸರು ಒಳಗೆ ಅಂಗಿ ತೆಗೆಯುವ ಪದ್ಧತಿ ಇದೆ, ಬಟನ್ ಬಿಚ್ಚಲು ಕೈ ನಡುಗುವವರಿಗೆ ಸುಲಭದ ಅಂಗಿ ಹಾಕಿಸಿ, ಮೇಲೊಂದು ಶಾಲು ಇರಲಿ. ಹೊಸ್ತಿಲು ದಾಟುವಾಗ ಕೈ ಹಿಡಿಯಿರಿ. ಇಲ್ಲಿಯ ಪ್ರಸಾದ ಅಪ್ಪ ಎಂಬ ಸಿಹಿತಿಂಡಿ. ಶುಗರ್ ಇರುವವರಿಗೂ ಬೇಡ ಅನ್ನುವ ಧೈರ್ಯ ನನಗಿಲ್ಲ. ಅರ್ಧ ಕೊಡಿ, ರಾತ್ರಿ ಊಟದಲ್ಲಿ ಅನ್ನ ಕಡಿಮೆ ಮಾಡಿ.

ಎರಡನೇ ದಿನದ ಬೆಳಿಗ್ಗೆ ಅವರು ಆರಿಸಿದ ಜಾಗಕ್ಕೆ. ಅವರು ಏನೂ ಹೇಳದಿದ್ದರೆ ಎರಡು ದಾರಿ ಇದೆ. ಒಂದು, ಕುಂಬಳೆಯಿಂದ ಸುಮಾರು 6 ಕಿಲೋಮೀಟರ್ ಒಳಗಿರುವ ಅನಂತಪುರ. ಕೇರಳದ ಸರೋವರ ಕ್ಷೇತ್ರ, ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಎಂದು ನಂಬಿಕೆ. ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಹಿರಿಯರು ಇದನ್ನು ಕೇಳಿಯೇ ಕೇಳುತ್ತಾರೆ. ಆದರೆ ಕೆರೆಯ ಮಟ್ಟಕ್ಕೆ ಮೆಟ್ಟಿಲು ಇಳಿಯಬೇಕು, ವಾಪಸು ಹತ್ತಬೇಕು. ಸುತ್ತ ಬಯಲು ಪಾರೆ (ಕಲ್ಲುಹಾಸು). ಬರಿಗಾಲಲ್ಲಿ ಹೋಗುವುದರಿಂದ ಹತ್ತು ಗಂಟೆಯ ಮೇಲೆ ಕಲ್ಲು ಕಾದು ಪಾದ ಸುಡುತ್ತದೆ. ಶುಗರಿನಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ, ಸಂಜೆ ನೋಡಿದರೆ ಗುಳ್ಳೆ ಎದ್ದಿರುತ್ತದೆ. ಎಂಟಕ್ಕೆ ಮುಂಚೆ ಹೋಗಿ. ಮೇಲಿನಿಂದಲೇ ಕೆರೆ, ಗುಡಿ ಎರಡೂ ಕಾಣುತ್ತವೆ. ಇಳಿಯಲಾಗದವರು ಸ್ಟೂಲು ಹಾಕಿ ಅಲ್ಲೇ ಕೂತು ಕೈಮುಗಿದರೆ ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಎರಡನೆಯದು ಮಂಜೇಶ್ವರ. ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಈಗ 'ಗಿಳಿವಿಂಡು' ಎಂಬ ಸ್ಮಾರಕ. ಮದ್ರಾಸ್ ಸರ್ಕಾರ ಅವರಿಗೆ ಆ ಬಿರುದು ಕೊಟ್ಟದ್ದು 1949ರಲ್ಲಿ, ಈ ಊರು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ದಿನಗಳನ್ನು ಕಂಡ ಹಿರಿಯರಿದ್ದರೆ ಇಲ್ಲಿ ಅವರ ಮಾತು ನಿಲ್ಲುವುದಿಲ್ಲ. ಅವಸರ ಮಾಡಬೇಡಿ. ಮೆಟ್ಟಿಲಿನ ಕಾಟ ಕಡಿಮೆ, ನಡಿಗೆಯೂ ಕಡಿಮೆ. ಹೋಗುವ ಮೊದಲು ತೆರೆದಿದೆಯಾ ಎಂದು ಕೇಳಿಕೊಳ್ಳಿ.

ಸಂಜೆ ಬೇಕಲ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ. ಪೂರ್ತಿ ಸುತ್ತುವ ಆಸೆ ಬಿಡಿ. ಬಾಗಿಲಿನ ಹತ್ತಿರವೇ ಆಂಜನೇಯನ ಗುಡಿ, ಅಲ್ಲಿ ಐದು ನಿಮಿಷ. ಆಮೇಲೆ ಟಿಪ್ಪು ಕಾಲದ ವೀಕ್ಷಣಾ ಬುರುಜಿನ ಕಡೆಗೆ ನಿಧಾನಕ್ಕೆ ಹೋಗಿ. ಅದರ ಮೇಲೆ ಹೋಗಲು ಅಗಲವಾದ ಇಳಿಜಾರು ದಾರಿ ಇದೆ. ಮೊಣಕಾಲಿನವರಿಗೆ ಈ ಕೋಟೆಯಲ್ಲಿ ಇದೇ ದೊಡ್ಡ ಉಪಕಾರ. ವೀಲ್‌ಚೇರ್ ತಳ್ಳಲು ಇಬ್ಬರು ಬೇಕು. ಇಳಿಯುವಾಗ ಕುರ್ಚಿಯನ್ನು ತಿರುಗಿಸಿ ಹಿಮ್ಮುಖವಾಗಿ ಇಳಿಸಿ. ಮುಂದಕ್ಕೆ ಇಳಿಸಿದರೆ ಕೂತವರು ಮುಗ್ಗರಿಸಿ ಬೀಳುತ್ತಾರೆ. ಕಡಲ ಕಡೆಯ ಬುರುಜಿಗೆ ಇಳಿಯುವುದು ಬೇಡ. ಅಂದು ಮಾತ್ರ ಸ್ವಲ್ಪ ಬೇಗ ಹೊರಟು ನಾಲ್ಕಕ್ಕೆ ಒಳಗಿದ್ದರೆ ಐದರ ಹೊತ್ತಿಗೆ ಹೊರಗೆ ಬರಬಹುದು. ಸೂರ್ಯಾಸ್ತ ನೋಡಲು ಪಕ್ಕದ ಪಳ್ಳಿಕ್ಕೆರೆ ಬೀಚು ಒಳ್ಳೆಯದು. ಮರಳಿನಲ್ಲಿ ಊರುಗೋಲು ಹೂತುಹೋಗುತ್ತದೆ, ಗಟ್ಟಿ ನೆಲ ಇರುವಲ್ಲೇ ಕೂರಿಸಿ.

ಮೂರನೇ ದಿನ ಬೆಳಿಗ್ಗೆ ಶಕ್ತಿ ಉಳಿದಿದ್ದರೆ ಕಾಞಂಗಾಡಿನ ಆನಂದಾಶ್ರಮ. ಸ್ವಾಮಿ ರಾಮದಾಸರು 1931ರಲ್ಲಿ ಶುರು ಮಾಡಿದ್ದು. ದಿನವಿಡೀ ರಾಮನಾಮ ನಡೆಯುತ್ತಿರುತ್ತದೆ, ಯಾರೂ ಏಳಿಸುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಕೂರಬಹುದು. ತೋಟದವರಾದರೆ ಇದರ ಬದಲು ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಮನಸ್ಸಾದೀತು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ. ಮೊದಲೇ ವಿಚಾರಿಸಿ, ಕೆಲಸದ ದಿನ ಹೋಗಿ. ನೀಲೇಶ್ವರದ ಕಡೆಯ ದೋಣಿಮನೆ ಚೆನ್ನಾಗಿದೆ, ಆದರೆ ದಂಡೆಯಿಂದ ದೋಣಿಗೆ ಕಾಲಿಡುವ ಆ ಒಂದು ಹೆಜ್ಜೆಗೆ ಧೈರ್ಯ ಇದ್ದವರಿಗೆ ಮಾತ್ರ.

ಯಕ್ಷಗಾನ ನೋಡುವ ಆಸೆ ಇದ್ದರೆ ನವೆಂಬರ್‌ನಿಂದ ಮೇ ತನಕ ಮೇಳಗಳ ತಿರುಗಾಟ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಸೀಮೆಯಲ್ಲಿ ಆಟ ನೋಡದೆ ಹೋಗುವುದು ಹೇಗೆ? ಕಾಲಮಿತಿಯ ಆಟ ಹುಡುಕಿ. ಬೆನ್ನಿಗೆ ಒರಗುವ ಕುರ್ಚಿ ಕೇಳಿ ಪಡೆಯಿರಿ, ಚೆಂಡೆಯಿಂದ ದೂರ ಕೂರಿಸಿ. ಕಿವಿಯ ಮೆಷಿನ್ ಹಾಕಿದವರು ಶಬ್ದ ತಗ್ಗಿಸಿಕೊಳ್ಳಲಿ. ಅಂದು ಮಧ್ಯಾಹ್ನದ ನಿದ್ದೆ ತಪ್ಪಿಸಬೇಡಿ.

ನೆಂಟರು

ಇದು ಯಾವ ಪ್ರವಾಸದ ಪುಸ್ತಕದಲ್ಲೂ ಇರುವುದಿಲ್ಲ, ಆದರೆ ನಮ್ಮಲ್ಲಿ ಪ್ರವಾಸ ಕೆಡುವುದೇ ಇಲ್ಲಿ. ದೊಡ್ಡಮ್ಮನ ಮನೆಗೆ ಹೋದರೆ ಚಿಕ್ಕಮ್ಮನಿಗೆ ಬೇಜಾರು. ಹೋದ ಮನೆಯಲ್ಲೆಲ್ಲ ಬೆಲ್ಲ-ನೀರು, ಚಾ, ಮೇಲೊಂದು ಹೋಳಿಗೆ. ಮೂರು ಮನೆ ಆಗುವಷ್ಟರಲ್ಲಿ ಶುಗರ್ ಎಲ್ಲಿಗೋ ಹೋಗಿರುತ್ತದೆ. ಹಳೆಯ ಮನೆಗಳ ಮೆಟ್ಟಿಲು ಎತ್ತರ, ಶೌಚಾಲಯ ಕೆಲವು ಕಡೆ ಈಗಲೂ ಹೊರಗೆ, ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಹತ್ತಬೇಕು.

ಸುಲಭದ ದಾರಿ ಏನೆಂದರೆ ಎಲ್ಲರನ್ನೂ ಒಂದೇ ಮನೆಗೆ ಬರಹೇಳುವುದು. ಅಂಗಳದ ತನಕ ಕಾರು ಹೋಗುವ, ಒಳಗೆ ಕಮೋಡ್ ಇರುವ ಮನೆ ಆರಿಸಿ. ಎರಡನೇ ದಿನ ಮಧ್ಯಾಹ್ನದ ಊಟ ಅಲ್ಲೇ ಆಗಲಿ, ಊಟದ ನಂತರ ಮಲಗಲು ಒಂದು ಕೋಣೆ ಬಿಡಿಸಿ ಇಡಲು ಹೇಳಿ. ಫೋನಿನಲ್ಲೇ ಹೇಳಿಬಿಡಿ: "ಅತ್ತೆ, ಅಮ್ಮನಿಗೆ ಮೂರು ಕಡೆ ಹತ್ತಿ ಇಳಿಯಲಿಕ್ಕೆ ಆಗುವುದಿಲ್ಲ, ನೀವೇ ಬನ್ನಿ." ಯಾರೂ ತಪ್ಪು ತಿಳಿಯುವುದಿಲ್ಲ. ತಿಳಿದರೂ ಎರಡು ತಿಂಗಳಲ್ಲಿ ಮರೆಯುತ್ತಾರೆ.

ಊಟ, ಮಾತ್ರೆ, ಆಸ್ಪತ್ರೆ

ರಾತ್ರಿಗೆ ಗಂಜಿ ಸಿಗುತ್ತದಾ ಎಂದು ಕೇಳಿ ನೋಡಿ, ಹೋಟೆಲಿನವರು ಸಂತೋಷದಿಂದ ಮಾಡಿಕೊಡುತ್ತಾರೆ. ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ ಇದ್ದರೆ ಹಿರಿಯರಿಗೆ ಬೇರೇನೂ ಬೇಡ. ಘಟ್ಟದ ಮೇಲಿನವರಿಗೆ ಕುಚ್ಚಲಕ್ಕಿ ಅಭ್ಯಾಸ ಇಲ್ಲದಿದ್ದರೆ ಬೆಳ್ತಿಗೆ ಅನ್ನ (ಬಿಳಿ ಅಕ್ಕಿಯ ಅನ್ನ) ಎಂದು ಮೊದಲೇ ಹೇಳಿ. ಹಲ್ಲಿಲ್ಲದವರಿಗೆ ಬೆಳಿಗ್ಗೆ ನೀರುದೋಸೆ ಹಿತ. ಮಧ್ಯಾಹ್ನದ ಮೊದಲು ಒಂದು ಬೊಂಡ (ಎಳನೀರು) ಕುಡಿಸಿ. ಆದರೆ ಕಿಡ್ನಿ ತೊಂದರೆ ಇರುವವರಿಗೆ ಬೊಂಡ ಆಗುವುದಿಲ್ಲ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಮಾತ್ರೆಯನ್ನು ಎರಡು ಪಾಲು ಮಾಡಿ. ಒಂದು ಕೈಚೀಲದಲ್ಲಿ, ಇನ್ನೊಂದು ಬೇರೆಯವರ ಚೀಲದಲ್ಲಿ. ಮಾತ್ರೆಗಳ ಹೆಸರು, ಡೋಸು, ಅಲರ್ಜಿ, ಮಕ್ಕಳ ಫೋನ್ ನಂಬರ್ ಬರೆದ ಒಂದು ಚೀಟಿ ಹಿರಿಯರ ಜೇಬಿನಲ್ಲೇ ಇರಲಿ. ಇನ್ಸುಲಿನ್ ಅನ್ನು ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಸಣ್ಣಪುಟ್ಟದಕ್ಕೆ ಕಾಸರಗೋಡು ಪೇಟೆಯಲ್ಲೇ ಆಸ್ಪತ್ರೆಗಳಿವೆ, ಕನ್ನಡ ಮಾತಾಡುವ ಡಾಕ್ಟರೂ ಸಿಗುತ್ತಾರೆ. ಹೃದಯ, ಪಾರ್ಶ್ವವಾಯು ಥರದ ದೊಡ್ಡದಕ್ಕೆ ಇಲ್ಲಿಯವರೂ ಮಂಗಳೂರಿಗೇ ಓಡುವುದು. ನಿಮ್ಮ ವಿಮೆ ಅಲ್ಲಿ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಹೊರಡುವ ಮೊದಲೇ ನೋಡಿ ಬರೆದಿಡಿ. ಆಂಬುಲೆನ್ಸಿಗೆ 108, ಗಡಿಯ ಎರಡೂ ಕಡೆ ಅದೇ ನಂಬರ್.

ಹೊರಡುವ ದಿನ

ರಾತ್ರಿ ರೈಲಾದರೆ ರೂಮನ್ನು ಮಧ್ಯಾಹ್ನ ಬಿಟ್ಟುಕೊಡಬೇಡಿ. ಅರ್ಧ ದಿನದ ಬಾಡಿಗೆ ಜಾಸ್ತಿ ಕೊಟ್ಟು ಸಂಜೆಯ ತನಕ ಇಟ್ಟುಕೊಳ್ಳಿ. ಸ್ಟೇಶನ್ನಿನ ಬೆಂಚಿನ ಮೇಲೆ ಆರು ಗಂಟೆ ಕೂತರೆ ಮೂರು ದಿನದ ಖುಷಿಯೆಲ್ಲ ಸೊಂಟನೋವಿನಲ್ಲಿ ಕೊನೆಯಾಗುತ್ತದೆ. ರೈಲು ಬರುವ ಅರ್ಧ ಗಂಟೆ ಮೊದಲು ಪ್ಲಾಟ್‌ಫಾರ್ಮಿಗೆ ಬನ್ನಿ, ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಬೋರ್ಡಿನಲ್ಲಿ ನೋಡಿ, ಆ ಜಾಗದಲ್ಲೇ ಸ್ಟೂಲು ಹಾಕಿ ಕೂರಿಸಿ. ಮನೆ ಮುಟ್ಟಿದ ಮರುದಿನ ಮದುವೆ, ಮುಂಜಿ, ಡಾಕ್ಟರ ಅಪಾಯಿಂಟ್‌ಮೆಂಟ್ ಯಾವುದನ್ನೂ ಇಟ್ಟುಕೊಳ್ಳಬೇಡಿ. ಅಂದು ಅವರು ಮಲಗಿಯೇ ಇರುತ್ತಾರೆ, ಇಲ್ಲವೇ ಫೋನಿನಲ್ಲಿ ಊರಿನ ಸುದ್ದಿ ಹೇಳುತ್ತಾ ಇರುತ್ತಾರೆ.